ಏದುಸಿರು, ಆತಂಕ ಮತ್ತು ಔಷಧ ಚೀಟಿ: ಸಿಒಪಿಡಿ ಚಿಕಿತ್ಸೆಯ ಒಂದು ವಿಮರ್ಶೆ

ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಾದ ಸಿಒಪಿಡಿಯ ರೋಗಿಯಲ್ಲಿ ಆತಂಕವೋ ಖಿನ್ನತೆಯೋ ಕಂಡರೆ ಅದನ್ನು ದೀರ್ಘ ಕಾಯಿಲೆಯ ಫಲವೆಂದು ಬರೆದುಕೊಳ್ಳುವುದು ವಾಡಿಕೆ. ಬೀಡಿ ಸೇದಿದವರಿರಲಿ, ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಿರಲಿ, ಉಸಿರು ಸಿಕ್ಕಿಕೊಂಡಾಗ ಹೆದರುವುದು ಸಹಜವೇ. ಹೆದರಿದಾಗ ಉಸಿರಾಟ ವೇಗವಾಗುತ್ತದೆ. ಕಿರಿದಾದ ಶ್ವಾಸನಾಳಗಳಿಂದ ಗಾಳಿ ಪೂರ್ತಿ ಹೊರಬರಲು ಸಮಯ ಸಾಲದೆ ಎದೆಯೊಳಗೇ ಉಳಿದು ದಮ್ಮು ಹೆಚ್ಚುತ್ತದೆ. ಈ ವಿವರಣೆ ಸರಿ, ಆದರೆ ಅರ್ಧ. ರೋಗಿ ಆಗಲೇ ತೆಗೆದುಕೊಳ್ಳುತ್ತಿರುವ ಔಷಧ ಇದರ ಲೆಕ್ಕಕ್ಕೇ ಬರುವುದಿಲ್ಲ.

ಸಿಒಪಿಡಿಗೆ ಕೊಡುವ ಔಷಧಗಳಲ್ಲಿ ಸಾಲ್ಬುಟಮಾಲ್ ಹೆಚ್ಚಾದರೆ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ. ಥಿಯೋಫಿಲಿನ್ ನಿದ್ದೆ ಕೆಡಿಸಬಲ್ಲದು. ರೋಫ್ಲುಮಿಲಾಸ್ಟ್ ಬಗ್ಗೆ ಆತಂಕ, ಖಿನ್ನತೆಯ ಎಚ್ಚರಿಕೆಯೇ ಇದೆ. ಪ್ರಮಾಣಕ್ಕೂ ಪರಿಣಾಮಕ್ಕೂ ಇರುವ ನಂಟು ಸ್ಪಷ್ಟವಾಗಿ ಕಾಣುವುದು ಸ್ಟೆರಾಯ್ಡ್‌ನಲ್ಲಿ. ಬೋಸ್ಟನ್ ಸಂಶೋಧಕರು 1972ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ದಿನಕ್ಕೆ 40 ಮಿ.ಗ್ರಾಂ.ವರೆಗೆ ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ಪಡೆದವರಲ್ಲಿ ಮಾನಸಿಕ ಪ್ರತಿಕ್ರಿಯೆ ಶೇ. 1.3, 41ರಿಂದ 80 ಮಿ.ಗ್ರಾಂ. ಪಡೆದವರಲ್ಲಿ ಶೇ. 4.6, ಅದಕ್ಕೂ ಮೀರಿದವರಲ್ಲಿ ಶೇ. 18.4. ಕೊನೆಯ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಗುಂಪಿನಲ್ಲಿದ್ದವರು ಬರೀ 38 ಮಂದಿ ಎಂಬುದನ್ನು ಹೇಳುವವರು ಕಡಿಮೆ. ಸಿಒಪಿಡಿ ಉಲ್ಬಣಿಸಿದಾಗ ದಿನಕ್ಕೆ 40 ಮಿ.ಗ್ರಾಂ. ಪ್ರೆಡ್ನಿಸೋನ್‌ನಂತೆ 5 ದಿನ ಕೊಟ್ಟರೆ 14 ದಿನ ಕೊಟ್ಟಷ್ಟೇ ಫಲ ಎಂದು 2013ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಯೋಗ ತೋರಿಸಿದ ಮೇಲೆ, ಉದ್ದದ ಕೋರ್ಸಿಗೆ ಸಮರ್ಥನೆ ಉಳಿದಿಲ್ಲ.

ಇನ್ನು ಮನಸ್ಸಿಗೆಂದು ಸೇರಿಸುವ ಎರಡನೇ ಮಾತ್ರೆ. ಮನೆಯಲ್ಲೇ ಆಮ್ಲಜನಕ ಪಡೆಯುತ್ತಿದ್ದ 2,249 ಸ್ವೀಡಿಷ್ ಸಿಒಪಿಡಿ ರೋಗಿಗಳ 2014ರ ಅಧ್ಯಯನದಲ್ಲಿ, ಆತಂಕಕ್ಕೂ ನಿದ್ದೆಗೂ ಕೊಡುವ ಬೆಂಜೊಡಯಾಜೆಪೈನ್ ಸೇವಿಸುತ್ತಿದ್ದವರಲ್ಲಿ ಸಾವಿನ ಅಪಾಯ ಸುಮಾರು ಶೇ. 21ರಷ್ಟು ಹೆಚ್ಚಿತ್ತು. ಹೆಚ್ಚು ಬಳಲಿದವರಿಗೇ ಆ ಮಾತ್ರೆ ಬರೆದಿರಬಹುದು. ವೀಕ್ಷಣಾ ಅಧ್ಯಯನದಿಂದ ಕಾರಣ ಸಾಬೀತಾಗದು. ಹಾಗೆಂದು ನಿದ್ದೆ ಮಾತ್ರೆಯನ್ನು ಸಲೀಸಾಗಿ ಬರೆಯುವುದಕ್ಕೂ ಅದು ಪರವಾನಗಿಯಲ್ಲ. ಏಳು ದೇಶಗಳ 225 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ‘ಬೆಟರ್-ಬಿ’ ಪ್ರಯೋಗದಲ್ಲಿ, ಖಿನ್ನತೆಯ ಔಷಧವಾದ ಮಿರ್ಟಾಜಪೀನ್ ಏದುಸಿರನ್ನು ತಗ್ಗಿಸಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ಆದರೆ ಅದು ಅಳೆಯಹೊರಟದ್ದು ಏದುಸಿರನ್ನು, ಖಿನ್ನತೆಗೆ ಆ ಔಷಧ ಕೊಡಬಾರದೆಂದು ಅದರಿಂದ ತೀರ್ಮಾನಿಸಲಾಗದು.

ಮಾತ್ರೆಯಲ್ಲದ ದಾರಿಯೂ ಇದೆ. ವ್ಯಾಯಾಮ, ಉಸಿರಾಟದ ಅಭ್ಯಾಸ, ತಿಳಿವಳಿಕೆ ಸೇರಿದ ಶ್ವಾಸಕೋಶ ಪುನಶ್ಚೇತನ ಕ್ರಮ ದಮ್ಮು, ಆತಂಕ ಎರಡನ್ನೂ ತಗ್ಗಿಸುತ್ತದೆ. ಅದಕ್ಕೆ ವಾರಗಟ್ಟಲೆ ತರಬೇತುದಾರ ಬೇಕು, ರೋಗಿಗೆ ಬಸ್ ಚಾರ್ಜೂ ಬೇಕು. ಔಷಧ ಚೀಟಿ ಬರೆಯಲು ಎರಡು ನಿಮಿಷ ಸಾಕು. ಮುಂದಿನ ಅಧ್ಯಯನಗಳು ಖಿನ್ನತೆಯ ಅಂಕದ ಪಕ್ಕದಲ್ಲೇ ಸ್ಟೆರಾಯ್ಡ್ ಶುರುವಾದ, ನಿಂತ ತಾರೀಕುಗಳನ್ನೂ ದಾಖಲಿಸಿದರೆ, ಮಂಕಾದ ಮನಸ್ಸಿನಲ್ಲಿ ಕಾಯಿಲೆಯ ಪಾಲೆಷ್ಟು, ಮದ್ದಿನ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಸಾಧ್ಯವಾದೀತು.