ಕಾಂಟೆಸ್ಸಾಕ್ಕೆ ಎಷ್ಟು ಸೈಲೆನ್ಸರ್ ಬೇಕು?

ಬ್ಯಾರಿಗಳ ಚರಿತ್ರೆ ಎಂದ ಕೂಡಲೇ ನಾವು ಹಡಗು, ಬಂದರು, ಕರಿಮೆಣಸು, ಹಳೆಯ ಮಸೀದಿಗಳ ಬಗ್ಗೆ ಬರೆಯುತ್ತೇವೆ. ನಮ್ಮ ಅಂಗಳದಲ್ಲಿ ನಿಂತಿದ್ದ ವಾಹನಗಳ ಬಗ್ಗೆ ಬರೆಯುವುದು ಕಡಿಮೆ. ಮೀನಿನ ಪೆಟ್ಟಿಗೆ ಕಟ್ಟಿದ ಎಂ80, ಅಡಿಕೆ ವ್ಯಾಪಾರಿಯ ಜೀಪು, ಗಲ್ಫಿನಿಂದ ಬಂದವರು ಕೊಂಡ ಕಾರು, ಇವೆಲ್ಲ ನಮ್ಮ ಮನೆಗಳ ಕಷ್ಟ ಸುಖಕ್ಕೆ ಸಾಕ್ಷಿಯಾದವು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಅಂಥ ಒಂದು ಕಾರಿನ ಹೊಗೆ ಕೊಳವೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆದ ಚರ್ಚೆ ನನ್ನನ್ನು ಹಳೆಯ ಚರಿತ್ರೆಗೆ ಕರೆದುಕೊಂಡು ಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂದೆಯ ಅಂಗಡಿ ಇರುವುದು ಕೋಸಗಿಯಲ್ಲಿ. ಕರಾವಳಿಯ ಓದುಗರಿಗೆ ಈ ಹೆಸರು ಹೊಸದಿರಬಹುದು. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಊರು ಇದು. ಆ ಜಿಲ್ಲೆ 2019ರ ಫೆಬ್ರವರಿಯಲ್ಲಿ ಮಹಬೂಬ್‌ನಗರದಿಂದ ಬೇರೆಯಾಯಿತು. ಪಕ್ಕದ ಕೊಡಂಗಲ್ 1956ರವರೆಗೆ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ನಮ್ಮ ಅಂಗಡಿಗೆ ಬರುವವರ ಬಾಯಲ್ಲಿ ತೆಲುಗು, ದಖನಿ, ಕನ್ನಡ ಮೂರೂ ಇವೆ. ಮನೆಯೊಳಗೆ ಮಾತ್ರ ಬ್ಯಾರಿ ಭಾಷೆ.

ಉಮ್ಮನ ಅಣ್ಣ ಊರಿನಲ್ಲಿ ಒಂದು ಕಾಂಟೆಸ್ಸಾ ಕ್ಲಾಸಿಕ್ ಇಟ್ಟುಕೊಂಡಿದ್ದರು. ಕೆಎ-19 ನಂಬರಿನ ಪೆಟ್ರೋಲ್ ಗಾಡಿ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಅದನ್ನು ಅವರು ನಮಗೆ ಕೊಟ್ಟರು. ಷರತ್ತು ಒಂದೇ: ಮೊಮ್ಮಗಳ ಮದುವೆಗೆ ಅವರನ್ನು ಅದೇ ಕಾರಿನಲ್ಲಿ ಕರೆದುಕೊಂಡು ಹೋಗಬೇಕು. ಅವರಿಗೆ ಈಗ ಉಸಿರಾಟದ ತೊಂದರೆ ಇದೆ. ಗಾಡಿಯ ಕೆಳಗೆ ಮಲಗಿ ನೋಡಿದರೆ ಉಪ್ಪುಗಾಳಿಗೆ ಪೈಪು ಕಾಗದದಂತೆ ಪುಡಿಯಾಗಿತ್ತು. ಹೊಸದು ಹಾಕಲೇಬೇಕು. ಯಾವುದು ಹಾಕುವುದು?

ತಮ್ಮನಿಗೆ ಅಮೆರಿಕದ ಮಸಲ್ ಕಾರುಗಳಂತೆ ಹಿಂದೆ ಎರಡು ದಪ್ಪ ಪೈಪು ಬೇಕು. "ಒಂದೇ ಸಿಲಿಂಡರಿನ ಯೆಜ್ಡಿಗೇ ಎರಡು ಸೈಲೆನ್ಸರ್ ಇತ್ತು, ನಾಲ್ಕು ಸಿಲಿಂಡರಿನ ಇದಕ್ಕೆ ಒಂದು ಸಾಕಾ?" ಎಂದು ಅವನ ಪ್ರಶ್ನೆ. ವೆಲ್ಡಿಂಗ್ ಮಾಡುವವರೂ ಅವನ ಕಡೆಗೇ: "ದೊಡ್ಡ ಪೈಪ್ ಹಾಕ್ರಿ ಭಾಯ್, ಗಾಡಿ ಹಾರ್ತದ." ತಮ್ಮನ ಪ್ರಶ್ನೆ ತಮಾಷೆಯದ್ದಲ್ಲ. ಉತ್ತರ ಕೊಡಬೇಕಾದರೆ ಮೊದಲು ಮೈಸೂರಿಗೆ ಹೋಗಬೇಕು.

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ರುಸ್ತುಮ್ ಇರಾನಿ ಮತ್ತು ಫಾರೂಕ್ ಇರಾನಿ ಎಂಬ ಪಾರ್ಸಿ ಉದ್ಯಮಿಗಳು ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು 250 ಸಿಸಿ ಬೈಕು ತಯಾರಿಸಿದರು. 1970ರ ದಶಕದಲ್ಲಿ ಅದು ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಬೈಕಿನಲ್ಲಿ ಸಿಲಿಂಡರ್ ಒಂದೇ, ಆದರೆ ಹೊಗೆ ಹೊರಡುವ ಬಾಯಿ ಎರಡು. ಬಾಯಿಗೊಂದು ಪೈಪು, ಪೈಪಿಗೊಂದು ಸೈಲೆನ್ಸರ್. ಅಂದರೆ ಆ ಎರಡು ಸೈಲೆನ್ಸರ್ ಅಂದಕ್ಕಾಗಿ ಆಮೇಲೆ ಸೇರಿಸಿದ್ದಲ್ಲ, ಇಂಜಿನಿನ ಎರಕದಲ್ಲೇ ಇದ್ದದ್ದು.

ಅದು ಟೂ ಸ್ಟ್ರೋಕ್ ಇಂಜಿನ್ ಎಂಬುದೂ ಮುಖ್ಯ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಇಂಜಿನಿನದೇ ಒಂದು ಅಂಗ. ಹೊಗೆಯ ಜೊತೆ ಹೊಸ ಪೆಟ್ರೋಲೂ ಸ್ವಲ್ಪ ಹೊರಗೆ ಜಾರುತ್ತದೆ. ಪೈಪಿನ ಕೊನೆಯಿಂದ ಮರಳುವ ಒತ್ತಡದ ಅಲೆ ಅದನ್ನು ಮತ್ತೆ ಸಿಲಿಂಡರಿಗೆ ತಳ್ಳಬಲ್ಲದು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಇಂಜಿನಿಯರ್ ವಾಲ್ಟರ್ ಕಾಡೆನ್ ಈ ಅಲೆಯ ಲೆಕ್ಕ ಹಿಡಿದು ಹೊಟ್ಟೆ ದಪ್ಪಗಿರುವ ಪೈಪು ಮಾಡಿದರು. 1961ರಲ್ಲಿ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಸುಝುಕಿ ಸೇರಿದಾಗ ಆ ವಿದ್ಯೆಯೂ ಜಪಾನಿಗೆ ಹೋಯಿತು. ಮರುವರ್ಷವೇ ಡೆಗ್ನರ್ ಸುಝುಕಿಯಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದರು. ನಮ್ಮ ಕಡೆ ಎಂ80 ಎಳೆಯದಾದಾಗ ಮೆಕ್ಯಾನಿಕ್ ಮೊದಲು ಸೈಲೆನ್ಸರ್ ಬಿಚ್ಚಿ ಮಸಿ ತೆಗೆಯುತ್ತಿದ್ದದ್ದು ಇದೇ ಕಾರಣಕ್ಕೆ. ಅಲ್ಲಿ ಪೈಪು ಕಟ್ಟಿದರೆ ಇಂಜಿನೇ ಕಟ್ಟುತ್ತದೆ.

ಇನ್ನು ಅಮೆರಿಕದ ಕಾರುಗಳು. 1964ರ ಪಾಂಟಿಯಾಕ್ ಜಿಟಿಓವನ್ನು ಮಸಲ್ ಕಾರುಗಳ ಯುಗ ಆರಂಭಿಸಿದ ಗಾಡಿ ಎಂದು ಹೆಚ್ಚಿನವರು ಹೇಳುತ್ತಾರೆ. ಅದರ ಇಂಜಿನ್ 389 ಘನ ಇಂಚು, ಅಂದರೆ ಸುಮಾರು 6.4 ಲೀಟರ್. ಕಂಪನಿ ಹೇಳಿದ ಶಕ್ತಿ 325 ಕುದುರೆ. ಎಂಟು ಸಿಲಿಂಡರುಗಳು ವಿ ಆಕಾರದಲ್ಲಿ, ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು. ಎರಡು ಬದಿಯಿಂದ ಹೊಗೆ ಬರುವಾಗ ಎರಡು ಪೈಪು ಸಹಜ. ಆ ಎರಡರ ನಡುವೆ ಒತ್ತಡ ಸರಿದೂಗಿಸಲು ಎಚ್ ಅಥವಾ ಎಕ್ಸ್ ಆಕಾರದ ಅಡ್ಡ ಪೈಪು ಹಾಕುವ ಪದ್ಧತಿಯೂ ಅಲ್ಲಿಂದ ಬಂತು. ಅಲ್ಲಿಯೂ ಪೈಪಿನ ಲೆಕ್ಕ ಹುಟ್ಟಿದ್ದು ಇಂಜಿನಿನಿಂದಲೇ.

ಈಗ ನಮ್ಮ ಕಾಂಟೆಸ್ಸಾ. ಇದನ್ನು ಭಾರತದ ಮಸಲ್ ಕಾರ್ ಎಂದು ಕರೆಯುವವರಿದ್ದಾರೆ. ಉದ್ದ ಮೂತಿ, ನಾಲ್ಕು ದೀಪ, ಅಗಲ ಮೈ ನೋಡಿದರೆ ಹಾಗೆ ಅನಿಸುವುದು ಸರಿಯೇ. ಆದರೆ ಇದರ ಮೂಲ ಅಮೆರಿಕವಲ್ಲ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಬರುತ್ತಿದ್ದ ವಾಕ್ಸ್‌ಹಾಲ್ ವಿಕ್ಟರ್ ಎಫ್‌ಇ ಎಂಬ ಕಾರಿನ ಅಚ್ಚುಗಳನ್ನು ಹಿಂದೂಸ್ತಾನ್ ಮೋಟಾರ್ಸ್ ಕೊಂಡು, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1984ರಿಂದ ಕಾಂಟೆಸ್ಸಾ ತಯಾರಿಸಿತು. ಮೊದಲು ಅದರಲ್ಲಿದ್ದದ್ದು ಅಂಬಾಸಿಡರಿನದೇ 1489 ಸಿಸಿ ಇಂಜಿನ್, ಸುಮಾರು 50 ಕುದುರೆ ಶಕ್ತಿಯದ್ದು. ಅಷ್ಟು ದೊಡ್ಡ ಗಾಡಿಗೆ ಅದು ಸಾಲಲಿಲ್ಲ. ಆಮೇಲೆ ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಪೆಟ್ರೋಲ್ ಇಂಜಿನ್ ಐದು ಗೇರಿನೊಂದಿಗೆ ಬಂತು. ಶಕ್ತಿ 88 ಕುದುರೆ. 2002ರಲ್ಲಿ ಕಾಂಟೆಸ್ಸಾ ನಿಂತಿತು. ನಮ್ಮಲ್ಲಿರುವುದು ಈ ಇಸುಝು ಇಂಜಿನಿನದು. ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿ. ಹೊಗೆ ಹೊರಡುವುದು ಒಂದೇ ಬದಿಯ ಒಂದೇ ಮ್ಯಾನಿಫೋಲ್ಡಿನಿಂದ.

ವರ್ಕ್‌ಶಾಪುಗಳಲ್ಲಿ ಬಳಸುವ ಅಂದಾಜು ಲೆಕ್ಕದಂತೆ 2 ಇಂಚಿನ ಒಂದು ಪೈಪು ಸುಮಾರು 130 ಕುದುರೆಯ ಹೊಗೆಯನ್ನು ಸಲೀಸಾಗಿ ಸಾಗಿಸುತ್ತದೆ. ಎರಡೂವರೆ ಇಂಚಿನದು 200ಕ್ಕೂ ಮೇಲೆ. ನಮ್ಮದು 88. ಪೈಪು ಬೇಕಾದ್ದಕ್ಕಿಂತ ಅಗಲವಾದರೆ ಹೊಗೆಯ ವೇಗ ಕಡಿಮೆಯಾಗುತ್ತದೆ, ಒಂದು ಸಿಲಿಂಡರಿನ ಹೊಗೆ ಹೊರಡುವಾಗ ಮುಂದಿನದನ್ನು ಎಳೆದುಕೊಳ್ಳುವ ಗುಣ ಹೋಗುತ್ತದೆ. ಊರೊಳಗೆ ನಿಧಾನ ಓಡಿಸುವಾಗ ಗಾಡಿ ಮೊದಲಿಗಿಂತ ಎಳೆಯುವುದು ಕಡಿಮೆ. ಇದನ್ನೇ ಕೆಲವರು "ಬ್ಯಾಕ್ ಪ್ರೆಶರ್ ಬೇಕು" ಎನ್ನುತ್ತಾರೆ. ಫೋರ್ ಸ್ಟ್ರೋಕಿಗೆ ಬೇಕಾದ್ದು ಅಡ್ಡಿಯಲ್ಲ, ವೇಗ. ಒಂದು ಪೈಪನ್ನು ಹಿಂದೆ ಎರಡಾಗಿ ಸೀಳಿದರೆ ಶಕ್ತಿ ಹೆಚ್ಚುವುದಿಲ್ಲ. ಸದ್ದು, ತೂಕ, ಖರ್ಚು ಹೆಚ್ಚುತ್ತದೆ. ನಾಲ್ಕು ಸಿಲಿಂಡರಿಗೆ ನಿಜವಾಗಿ ಸಹಾಯ ಮಾಡಬಲ್ಲದ್ದು ಒಂದು ಮತ್ತು ನಾಲ್ಕು, ಎರಡು ಮತ್ತು ಮೂರು ಎಂದು ಜೋಡಿ ಮಾಡಿ ಕೊನೆಗೆ ಒಂದಾಗಿಸುವ ಪೈಪು ಮ್ಯಾನಿಫೋಲ್ಡ್. ಮದುವೆಗೆ ಹೋಗಿ ಬರುವ ಗಾಡಿಗೆ ಅದು ಬೇಡ. ಹಳೆಯ ಬೀಡಿನ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿಲ್ಲದಿದ್ದರೆ ಅದೇ ಸಾಕು, ಅದು ಸದ್ದನ್ನೂ ನುಂಗುತ್ತದೆ.

ಸದ್ದು ನುಂಗುವ ಪೆಟ್ಟಿಗೆಗೂ ನೂರು ವರ್ಷ ದಾಟಿದ ಚರಿತ್ರೆ ಇದೆ. ಅಮೆರಿಕದ ಇಂಡಿಯಾನಾ ರಾಜ್ಯದ ರೀವ್ಸ್ ಸಹೋದರರು 1897ರಲ್ಲೇ ಇಂಜಿನಿಗೆ ಸೈಲೆನ್ಸರಿನ ಪೇಟೆಂಟ್ ಪಡೆದರು. ಮೋಟಾರು ಗಾಡಿ ರಸ್ತೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಅಷ್ಟರಲ್ಲೇ ಅದರ ಬಾಯಿ ಮುಚ್ಚಿಸಬೇಕಾಯಿತು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೇ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಸದ್ದು ಮತ್ತು ಹೊಗೆಯ ನಿಯಮ ಮುರಿದರೆ ದಂಡ 10,000 ರೂಪಾಯಿವರೆಗೆ ಇದೆ, ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ಕೆಎ ನಂಬರಿನ ಗಾಡಿಯನ್ನು ತೆಲಂಗಾಣದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಿಸಲು ತಪಾಸಣೆಯೂ ಇದೆ. ಎರಡು ಪೈಪಿನ ಗಾಡಿ ಅಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದೇ ಅದು.

ಆದರೆ ತಮ್ಮನ ಮನಸ್ಸು ಬದಲಾದದ್ದು ದಂಡದ ಮಾತಿನಿಂದಲ್ಲ. ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೆ, ನೆಲದಡಿಯ ಪೈಪು ತೂತಾಗಿದ್ದರೆ, ಪೈಪಿನ ತುದಿ ಬಾಡಿಯಿಂದ ಹೊರಗೆ ಬಾರದಿದ್ದರೆ, ಡಿಕ್ಕಿಯ ಸವೆದ ರಬ್ಬರಿನ ಸಂದಿಯಿಂದಲೂ ಅದು ಒಳಗೆ ಬರುತ್ತದೆ. ನಮ್ಮದು ಕೆಟಲಿಟಿಕ್ ಕನ್ವರ್ಟರ್ ಇಲ್ಲದ ಕಾಲದ ಗಾಡಿ, ವಿಷ ಹೆಚ್ಚು. ಹಿಂದಿನ ಸೀಟಿನಲ್ಲಿ ಕಿಟಕಿ ಏರಿಸಿ ಕೂರುವವರು ಉಸಿರಾಟದ ತೊಂದರೆ ಇರುವ ಹಿರಿಯರು. ಇದನ್ನು ಹೇಳಿದ ಮೇಲೆ ತಮ್ಮ ಎರಡು ಪೈಪಿನ ಮಾತು ಎತ್ತಲಿಲ್ಲ. "ಹಾಗಾದರೆ ಸೋರದ ಹಾಗೆ ಮಾಡುವ, ದುಡ್ಡು ಅದಕ್ಕೇ ಹಾಕುವ" ಎಂದ.

ನಾವು ಆರಿಸಿದ್ದು ಇಷ್ಟು. ಮ್ಯಾನಿಫೋಲ್ಡ್ ಹಳೆಯದೇ, ಗ್ಯಾಸ್ಕೆಟ್ ಮತ್ತು ಸ್ಟಡ್ಡುಗಳು ಹೊಸವು. ಪೈಪು ಒಂದೇ, ಹಳೆಯದರ ಅಳತೆಯದೇ, 409 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. 304 ದರ್ಜೆ ತುಕ್ಕಿಗೆ ಇನ್ನೂ ಗಟ್ಟಿ, ಆದರೆ ಬೆಲೆ ಜಾಸ್ತಿ. ಬೆಂಡುಗಳನ್ನು ಮ್ಯಾಂಡ್ರೆಲ್ ಯಂತ್ರದಲ್ಲಿ ಮಾಡಿಸಿದ್ದು. ಬರೀ ಒತ್ತಿ ಬಗ್ಗಿಸಿದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗಿ ಬಾಯಿ ಕಿರಿದಾಗುತ್ತದೆ. ಯಂತ್ರ ಸಿಗದ ಊರಿನಲ್ಲಿ ಪೈಪಿಗೆ ಒಣ ಮರಳು ತುಂಬಿ ಕಾಯಿಸಿ ಬಗ್ಗಿಸುವ ಹಳೆಯ ಕ್ರಮವೂ ಒಳ್ಳೆಯದೇ. ಇಂಜಿನ್ ಅಲುಗಾಡುವುದರಿಂದ ಪೈಪನ್ನು ಬಾಡಿಗೆ ವೆಲ್ಡ್ ಮಾಡದೆ ರಬ್ಬರಿನಲ್ಲೇ ತೂಗುಹಾಕಿದೆವು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಹತ್ತಿರದ ಓಡಾಟದಲ್ಲಿ ಅದು ಸೈಲೆನ್ಸರಿನಲ್ಲೇ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಅದಕ್ಕಾಗಿ ಕೊನೆಯ ಪೆಟ್ಟಿಗೆಯ ಕೆಳಭಾಗದಲ್ಲಿ ಸಣ್ಣದೊಂದು ತೂತು ಬಿಡಿಸಿದ್ದೇವೆ. ಡಿಕ್ಕಿಯ ರಬ್ಬರನ್ನೂ ಬದಲಾಯಿಸಿದೆವು.

ನಿಮ್ಮ ಮನೆಯ ಶೆಡ್ಡಿನಲ್ಲೂ ಹಿರಿಯರ ಹಳೆಯ ಗಾಡಿ ಇದ್ದರೆ ಬಣ್ಣಕ್ಕೆ ಮೊದಲು ಕೆಳಗೆ ಮಲಗಿ ಪೈಪು ನೋಡಿ. ತಣ್ಣಗಿರುವಾಗ ಇಂಜಿನ್ ಶುರು ಮಾಡಿಸಿ, ಪೈಪಿನ ತುದಿಗೆ ಒಂದು ಕ್ಷಣ ದಪ್ಪ ಬಟ್ಟೆ ಒತ್ತಿ ಹಿಡಿದರೆ ಎಲ್ಲಿ ಸೋರುತ್ತದೆಂದು ಕಿವಿಗೇ ಗೊತ್ತಾಗುತ್ತದೆ. ಇದನ್ನು ಬಯಲಲ್ಲಿ ಮಾಡಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಬೇಡ. ನಮ್ಮ ಗಾಡಿಯ ಎನ್‌ಒಸಿ ಅರ್ಜಿ ಕೊಟ್ಟಾಗಿದೆ. ಮದುವೆ ಮಳೆಗಾಲ ಕಳೆದ ಮೇಲೆ. ಅಷ್ಟರೊಳಗೆ ಬ್ರೇಕಿನ ಕೆಲಸ ಬಾಕಿ ಇದೆ.