ಮಸ್ಕಿಯ ಬಂಡೆ ಮತ್ತು ನಮ್ಮ ಕಂಪ್ಯೂಟರ್ ಕೋಣೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಬರೆಯಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ನೆನಪಾದದ್ದು ಎರಡು: ಮಸ್ಕಿಯ ಬಂಡೆ, ನಮ್ಮ ಕಂಪ್ಯೂಟರ್ ಕೋಣೆ. ಎರಡಕ್ಕೂ ಸಂಬಂಧವುಂಟು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು. ಅವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಸಿಕ್ಕಿ ಮಾತು ಖಚಿತವಾಯಿತು. ಇದನ್ನು ಪಾಠ ಮಾಡುವಾಗ ನಮ್ಮ ಗುರುಗಳು ಹೇಳುತ್ತಿದ್ದರು: “ಲಿಪಿ ಬ್ಯಾರೆ, ಭಾಷಾ ಬ್ಯಾರೆ. ಮಸ್ಕಿ ಶಾಸನದ ಲಿಪಿ ಬ್ರಾಹ್ಮಿ, ಭಾಷಾ ಪ್ರಾಕೃತ. ಎರಡೂ ಗೊತ್ತಾದ್ರ ಓದಕ್ಕ ಬರ್ತದ.”

ಆ ಮಾತು ನನಗೆ ಪೂರ್ತಿ ಅರ್ಥವಾದದ್ದು 2018ರಲ್ಲಿ. ಹಳೆಯ ವಿದ್ಯಾರ್ಥಿಗಳು ಸೇರಿ ರಾಯಚೂರು, ಮಾನ್ವಿ, ದೇವದುರ್ಗಗಳಿಂದ ಬಳಸಿದ ಒಂಬತ್ತು ಕಂಪ್ಯೂಟರ್‌ಗಳನ್ನು ಶಾಲೆಗೆ ತಂದೆವು. ಎಲ್ಲದರಲ್ಲೂ ಲಿನಕ್ಸ್ ಇತ್ತು. ಕನ್ನಡ ಟೈಪಿಂಗ್ ಕಲಿಸುವ ಒಂದು ತಂತ್ರಾಂಶವನ್ನು ತಾನಾಗಿಯೇ ಅಳವಡಿಸುವ ಸ್ಕ್ರಿಪ್ಟ್ ಬರೆದುಕೊಂಡು ನಾನು ಬಂದಿದ್ದೆ. ನಾಲ್ಕರಲ್ಲಿ ಅದು ನಡೆಯಿತು, ಐದರಲ್ಲಿ ನಡೆಯಲಿಲ್ಲ. “ಇವು ಕೆಟ್ಟಿವೆ, ಗುಜರಿಗೆ ಹಾಕೋಣ” ಎಂದುಬಿಟ್ಟೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು, “ಸರ್, ಚಾಲೂ ಆಗ್ಯಾವಲ್ರಿ. ಕೆಟ್ಟಾವಂತ ಹೆಂಗ ಅಂತೀರಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ನನ್ನದೇ. ಯಂತ್ರದ ಹೆಸರು ಕೇಳದೆ ಕೆಲಸ ಹೇಳಿದ್ದೆ. ಇಲ್ಲಿಯೂ ಪ್ರಶ್ನೆ ಎರಡು: ಕಾರ್ಯಾಚರಣಾ ವ್ಯವಸ್ಥೆ ಯಾವುದು, ಪ್ರೊಸೆಸರ್ ಯಾವ ಜಾತಿಯದು? ಯುನಿಕ್ಸ್ ಕಾಲದಿಂದ ಬಂದ ‘ಯುನೇಮ್’ ಎಂಬ ಆದೇಶ ಎರಡಕ್ಕೂ ಉತ್ತರ ಕೊಡುತ್ತದೆ. ಅದರ ಮುಂದೆ ‘-ಎಸ್’ ಎಂದರೆ ‘ಲಿನಕ್ಸ್’ ಎನ್ನುತ್ತದೆ. ‘-ಎಂ’ ಎಂದರೆ 64 ಬಿಟ್‌ನದಕ್ಕೆ ‘ಎಕ್ಸ್86_64’, 32 ಬಿಟ್‌ನದಕ್ಕೆ ಬಹುಮಟ್ಟಿಗೆ ‘ಐ686’ ಎನ್ನುತ್ತದೆ. ವಿಂಡೋಸ್‌ನಲ್ಲಿ ಇದೇ ಪ್ರಶ್ನೆಗೆ ಇಂಟೆಲ್ ಯಂತ್ರವೂ ‘ಎಎಂಡಿ64’ ಎನ್ನುವುದುಂಟು. ಅದರ ಹಿಂದೆಯೂ ಇತಿಹಾಸವಿದೆ. ಇಂಟೆಲ್ 1985ರಲ್ಲಿ 386 ಎಂಬ 32 ಬಿಟ್ ಪ್ರೊಸೆಸರ್ ತಂದಿತ್ತು. ಆ ವಂಶವನ್ನು 2003ರಲ್ಲಿ 64 ಬಿಟ್‌ಗೆ ಬೆಳೆಸಿದ್ದು ಎಎಂಡಿ ಕಂಪನಿ. ಆಮೇಲೆ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು.

ಮುಂದಿನ ಭಾನುವಾರ ಮತ್ತೆ ಬಂದು ಕೇಳಿದೆ. ಐದೂ ‘ಐ686’ ಎಂದವು. ನನ್ನ ತಂತ್ರಾಂಶ 64 ಬಿಟ್‌ನದು! ಆದರೆ ಯುನೇಮ್ ಹೇಳುವುದು ಅಳವಡಿಸಿದ ವ್ಯವಸ್ಥೆಯ ಮಾತು, ಪ್ರೊಸೆಸರಿನ ಪೂರ್ತಿ ಶಕ್ತಿಯನ್ನಲ್ಲ. ‘ಎಲ್‌ಎಸ್‌ಸಿಪಿಯು’ ಎಂಬ ಇನ್ನೊಂದು ಆದೇಶದಿಂದ ನೋಡಿದರೆ ಎರಡು ಯಂತ್ರಗಳ ಪ್ರೊಸೆಸರ್ 64 ಬಿಟ್‌ಗೂ ಸಿದ್ಧವಿತ್ತು. ಯಾರೋ 32 ಬಿಟ್ ವ್ಯವಸ್ಥೆ ಹಾಕಿದ್ದರು ಅಷ್ಟೆ. ಲಿಪಿ ಒಂದು, ಭಾಷೆ ಒಂದು ಎಂದ ಹಾಗೆ. ಆ ಎರಡಕ್ಕೆ ಹೊಸ ವ್ಯವಸ್ಥೆ ಹಾಕಿದೆ. ಉಳಿದ ಮೂರಕ್ಕೆ 32 ಬಿಟ್‌ನ ತಂತ್ರಾಂಶ ತಂದೆ. ಸ್ಕ್ರಿಪ್ಟ್‌ನ ಆರಂಭದಲ್ಲೇ ಹೆಸರು ಕೇಳುವ ಸಾಲುಗಳನ್ನು ಸೇರಿಸಿದೆ. ಗುರುತಿಲ್ಲದ ಹೆಸರು ಬಂದರೆ ಊಹಿಸದೆ ನಿಲ್ಲಬೇಕೆಂದೂ ಬರೆದೆ. ಸಂಜೆಯ ಹೊತ್ತಿಗೆ ಒಂಬತ್ತೂ ನಡೆದವು.

ಪ್ರಶ್ನೆ ಕೇಳಿದ ಹುಡುಗಿಯೇ ಆ ಐದರಲ್ಲೊಂದರ ಮುಂದೆ ಕುಳಿತು ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಮೂಡಿಸಿದಳು. ಅವಳು ಸುಮ್ಮನಿದ್ದಿದ್ದರೆ ಐದು ಯಂತ್ರಗಳು ಗುಜರಿ ಸೇರುತ್ತಿದ್ದವು. ಯಂತ್ರವಿರಲಿ, ಹಿಂದಿನ ಬೆಂಚಿನ ಮಗುವಿರಲಿ, ‘ಆಗದು’ ಎನ್ನುವ ಮುನ್ನ ‘ನೀನು ಯಾರು’ ಎಂದು ಕೇಳಬೇಕೆಂಬುದನ್ನು ನಾನು ಈ ಶಾಲೆಯಲ್ಲಿ ಎರಡು ಸಲ ಕಲಿತೆ: ಒಮ್ಮೆ ವಿದ್ಯಾರ್ಥಿಯಾಗಿ, ಒಮ್ಮೆ ಹಳೆಯ ವಿದ್ಯಾರ್ಥಿಯಾಗಿ.