ಋಣಭಾರವೂ ರೂಪಾಯಿಯ ಬೆಲೆಯೂ

ಒಂದು ದೇಶವು ಪರದೇಶದಲ್ಲಿ ಸಾಲವೆತ್ತುವುದು ಅಪೂರ್ವವಾದ ಸಂಗತಿಯಲ್ಲ. ಆ ಸಾಲವನ್ನು ಯಾವ ನಾಣ್ಯದಲ್ಲಿ ತೀರಿಸತಕ್ಕದ್ದೆಂಬುದೇ ವಿಚಾರಾರ್ಹವಾದುದು. ಅಧಮರ್ಣನ ಆದಾಯವು ಒಂದು ನಾಣ್ಯದಲ್ಲಿಯೂ, ಉತ್ತಮರ್ಣನಿಗೆ ಸಲ್ಲಬೇಕಾದುದು ಮತ್ತೊಂದು ನಾಣ್ಯದಲ್ಲಿಯೂ ಇದ್ದರೆ, ಸಾಲದ ಮೊತ್ತವು ಬೆಳೆಯದಿದ್ದರೂ ಅದರ ಭಾರವು ಬೆಳೆಯುವುದು. ಹತ್ತೊಂಬತ್ತನೆಯ ಶತಮಾನದ ಭರತಖಂಡದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಆ ಕಾಲದಲ್ಲಿ ಸರ್ಕಾರದ ಕಂದಾಯವು ಬೆಳ್ಳಿಯ ರೂಪಾಯಿಗಳಲ್ಲಿ ವಸೂಲಾಗುತ್ತಿತ್ತು. ಆದರೆ ಲಂಡನ್ನಿನಲ್ಲಿ ಎತ್ತಿದ ಸಾಲದ ಬಡ್ಡಿ, ಸೈನ್ಯದ ಸಾಮಗ್ರಿ, ನಿವೃತ್ತ ಆಂಗ್ಲ ಅಧಿಕಾರಿಗಳ ವಿಶ್ರಾಂತಿವೇತನ, ಇಂಡಿಯಾ ಆಫೀಸಿನ ವೆಚ್ಚ, ಇವೆಲ್ಲವನ್ನೂ ಚಿನ್ನದ ಪೌಂಡುಗಳಲ್ಲಿ ಸಲ್ಲಿಸಬೇಕಾಗಿತ್ತು. ಇವಕ್ಕೆ ‘ಹೋಂ ಚಾರ್ಜಸ್’ ಎಂದು ಹೆಸರು. ಇದಕ್ಕಾಗಿ ಭಾರತ ಮಂತ್ರಿಗಳು ಲಂಡನ್ನಿನಲ್ಲಿ ಕೌನ್ಸಿಲ್ ಬಿಲ್ಲುಗಳೆಂಬ ಹುಂಡಿಗಳನ್ನು ಮಾರುತ್ತಿದ್ದರು. ಭಾರತದ ಸರಕನ್ನು ಕೊಳ್ಳುವ ವರ್ತಕರು ಪೌಂಡು ಕೊಟ್ಟು ಅವನ್ನು ಪಡೆಯುತ್ತಿದ್ದರು. ಇಲ್ಲಿಯ ಖಜಾನೆಗಳಲ್ಲಿ ಅವಕ್ಕೆ ರೂಪಾಯಿ ಸಲ್ಲುತ್ತಿತ್ತು.

1871ರ ತರುವಾಯ ಜರ್ಮನಿಯು ಸುವರ್ಣನಾಣ್ಯವನ್ನು ಅವಲಂಬಿಸಿತು. ಯೂರೋಪಿನ ಇತರ ದೇಶಗಳೂ ಬೆಳ್ಳಿಯನ್ನು ಕೈಬಿಟ್ಟವು. ಅಮೆರಿಕದ ಗಣಿಗಳಿಂದ ಹೊಸ ಬೆಳ್ಳಿಯು ಹರಿದುಬಂದಿತು. 1873-74ರಲ್ಲಿ ಸುಮಾರು 22 ಪೆನ್ಸಿಗಿಂತ ಅಧಿಕವಾಗಿದ್ದ ರೂಪಾಯಿಯು 1892-93ರಲ್ಲಿ 15 ಪೆನ್ಸಿಗೆ ಇಳಿಯಿತು. ಆ ವರ್ಷ ಲಂಡನ್ನಿಗೆ ಸಂದ ಸುಮಾರು 1 ಕೋಟಿ 65 ಲಕ್ಷ ಪೌಂಡುಗಳಿಗಾಗಿ 26 ಕೋಟಿ 47 ಲಕ್ಷ ರೂಪಾಯಿ ವ್ಯಯವಾಯಿತು. ಹಿಂದಿನ ದರವೇ ಇದ್ದಿದ್ದರೆ 17 ಕೋಟಿ 75 ಲಕ್ಷವೇ ಸಾಕಾಗುತ್ತಿತ್ತು.

ಇಲ್ಲಿ ಬೀಜಾಂಕುರನ್ಯಾಯವು ಪ್ರವರ್ತಿಸುವುದನ್ನು ವಾಚಕರು ಗಮನಿಸಬೇಕು. ರೂಪಾಯಿಯು ಇಳಿದಂತೆಲ್ಲ ಅಷ್ಟೇ ಪೌಂಡುಗಳಿಗಾಗಿ ಹೆಚ್ಚು ರೂಪಾಯಿಗಳ ಹುಂಡಿಗಳನ್ನು ಮಾರಬೇಕು. ಹುಂಡಿಗಳು ಹೆಚ್ಚಿದಂತೆಲ್ಲ ರೂಪಾಯಿಯು ಮತ್ತಷ್ಟು ಇಳಿಯುವುದು. ಬೆಳ್ಳಿಯು ಬಿದ್ದುದು ಮೂಲಕಾರಣವೇ ಸರಿ. ಋಣವು ಆ ಪತನಕ್ಕೆ ವೇಗವನ್ನು ಕೊಟ್ಟಿತು.

ಈ ನಷ್ಟವನ್ನು ತುಂಬಿದವರು ಪ್ರಜೆಗಳು. 1886ರಲ್ಲಿ ವರಮಾನ ತೆರಿಗೆಯು ಮತ್ತೆ ಬಂದಿತು. 1888ರಲ್ಲಿ ಉಪ್ಪಿನ ಸುಂಕವು ಸರ್ಕಾರಿ ಮಣಕ್ಕೆ 2 ರೂಪಾಯಿಯಿಂದ 2½ ರೂಪಾಯಿಗೆ ಏರಿತು. ಬರ್ಮಾ ಯುದ್ಧದ ವೆಚ್ಚವೂ ಇದಕ್ಕೆ ಕಾರಣವಾಗಿದ್ದಿತಾದರೂ ವಿನಿಮಯದ ನಷ್ಟದ ಪಾಲು ಅಲ್ಪವಾಗಿರಲಿಲ್ಲ. ಲಂಡನ್ನಿನ ಪೇಟೆಯನ್ನು ಕನಸಿನಲ್ಲಿಯೂ ಕಾಣದ ರೈತನು ತನ್ನ ಅಂಬಲಿಯ ಉಪ್ಪಿನಲ್ಲಿ ಆ ಬಡ್ಡಿಯನ್ನು ತೆತ್ತನು.

ಹರ್ಷೆಲ್ ಸಮಿತಿಯ ವರದಿಯಂತೆ 1893ರ ಜೂನ್ 26ರಂದು ಬೆಳ್ಳಿಯನ್ನು ತಂದವರಿಗೆ ನಾಣ್ಯ ಹೊಡೆದುಕೊಡುವ ಟಂಕಶಾಲೆಗಳ ಪದ್ಧತಿಯನ್ನು ನಿಲ್ಲಿಸಲಾಯಿತು. 1899ರಲ್ಲಿ ಪೌಂಡಿಗೆ 15 ರೂಪಾಯಿಯ ದರವು ಸ್ಥಿರಪಟ್ಟಿತು. ಸರ್ಕಾರವು ಉಸಿರಾಡಿತು. ಆದರೆ ಅದುವರೆಗೆ ಬೆಳ್ಳಿಯ ಒಡವೆಯೆಂದರೆ ತೂಕಕ್ಕೆ ಸರಿಯಾದ ರೂಪಾಯಿಯೇ ಆಗಿತ್ತು, ಇನ್ನು ಹಾಗಾಗಲಿಲ್ಲ. ಬರಗಾಲದಲ್ಲಿ ಹೆಂಡತಿಯ ಕಡಗವನ್ನು ಮಾರಲು ಹೊರಟವನಿಗೆ ಆ ವ್ಯತ್ಯಾಸವು ತಿಳಿಯಿತು.

ಸ್ವಾತಂತ್ರ್ಯಾನಂತರವೂ ಈ ಪಾಠವು ಮುಗಿಯಲಿಲ್ಲ. 1966ರ ಜೂನ್‌ನಲ್ಲಿ ಡಾಲರಿನ ದರವು 4.76 ರೂಪಾಯಿಯಿಂದ 7.50ಕ್ಕೆ ಏರಿತು, ಡಾಲರು ಸಾಲವು ಒಂದೇ ದಿನದಲ್ಲಿ ರೂಪಾಯಿಯ ಲೆಕ್ಕದಲ್ಲಿ ಅರ್ಧಕ್ಕಿಂತ ಮಿಗಿಲಾಗಿ ಬೆಳೆಯಿತು. 1991ರ ಜುಲೈನಲ್ಲಿ ವಿದೇಶೀ ನಾಣ್ಯವು ಬರಿದಾಗುತ್ತಿರಲು, ರಿಸರ್ವ್ ಬ್ಯಾಂಕು ಸುಮಾರು 47 ಟನ್ನು ಚಿನ್ನವನ್ನು ಅಡವಿಟ್ಟುದಲ್ಲದೆ ರೂಪಾಯಿಯನ್ನು ಎರಡು ಬಾರಿ ಇಳಿಸಬೇಕಾಯಿತು.

ಸಾಲವು ಸ್ವತಃ ದೋಷವಲ್ಲ. ಅದರಿಂದ ರೈಲುದಾರಿಗಳೂ ಕಾಲುವೆಗಳೂ ಆದವು. ಆದರೆ ಪರರ ಕೊಳಗದಲ್ಲಿ ಅಳೆದು ತಂದುದನ್ನು ಪರರ ಕೊಳಗದಲ್ಲಿಯೇ ಅಳೆದುಕೊಡಬೇಕು. ಆ ಕೊಳಗವು ಹಿಗ್ಗಿದರೆ ಕಣಜವು ಬರಿದಾಗುವುದು ಸಾಲಗಾರನದೇ.